ಮೆಲುಕು ನಿಷೇಧಿಸಿದ ಹೆಬ್ಬಾವು

ನೀವು ನಂಬುವುದಿಲ್ಲ, ಬಿಡಿ. ನಂಬದವರು ಈಗಲೇ ಎದ್ದು ಹೋಗಬಹುದು, ಬಾಗಿಲು ತೆರೆದೇ ಇದೆ. ಕುಳಿತವರಿಗೆ ಹೇಳುತ್ತೇನೆ: ಹೆಬ್ಬಾವಿಗೆ ನಾಲ್ಕು ಕಾಲು ಕಟ್ಟಿ ನಿಲ್ಲಿಸಿದ ಗಂಡು ನಾನೇ. ಇನ್ನೊಬ್ಬನಿದ್ದರೆ ಕರೆದುಕೊಂಡು ಬನ್ನಿ.

ನಮ್ಮೂರಾಚೆಯ ಕಾಡಿನಲ್ಲಿ ಒಂದು ಕೆರೆ. ಅದರ ದಡದಲ್ಲಿ ದುಂಡಪ್ಪ ಎಂಬ ಹೆಬ್ಬಾವು ರಾಜ್ಯವಾಳುತ್ತಿತ್ತು. ಒಮ್ಮೆ ನುಂಗಿದರೆ ತಿಂಗಳುಗಟ್ಟಲೆ ನಿದ್ದೆ. ಒಂದು ದಿನ ಎದ್ದು ಆಕಳಿಸಿ ಹೇಳಿತು:

"ನನ್ನ ಆರೋಗ್ಯ ನೋಡಿ. ಹುಟ್ಟಿದಾಗಿನಿಂದ ಒಂದು ತುತ್ತೂ ಅಗಿದವನಲ್ಲ. ಅಗಿದರೆ ದವಡೆ ಸವೆಯುತ್ತದೆ. ಇಂದಿನಿಂದ ಎಲ್ಲರೂ ನುಂಗತಕ್ಕದ್ದು. ಮೆಲುಕು ಹಾಕುವುದಂತೂ ಕೊಳಕು, ಪೂರ್ತಿ ನಿಷೇಧ. ಮೊದಮೊದಲು ಕಷ್ಟ, ಆಮೇಲೆ ಅಭ್ಯಾಸವಾಗುತ್ತೆ. ತಪ್ಪಿದವರನ್ನು ನಾನೇ ನುಂಗಿ ಗುಣಪಡಿಸುತ್ತೇನೆ."

ಅಳಿಲು ಮಾವಿನ ಓಟೆ ನುಂಗಿ ಓಟೆಯ ಆಕಾರಕ್ಕೇ ಬಂತು. ಜಿಂಕೆ ಬಿಕ್ಕಳಿಸಿದಾಗಲೆಲ್ಲ ಸೊಪ್ಪಿನ ಕಂತೆ ಬಾಯಿಂದ ಹೊರಗೆ ಇಣುಕಿ ನೋಡಿ, ಮತ್ತೆ ಒಳಗೆ ಹೋಗುತ್ತಿತ್ತು.

ನನ್ನ ಎಮ್ಮೆ ಮಸಿಯಮ್ಮ ಮೇಯುವುದೂ ಅದೇ ದಡದಲ್ಲಿ. ಮೆಲುಕಿಲ್ಲದೆ ಅವಳ ಹೊಟ್ಟೆ ನಗಾರಿಯಂತೆ ಉಬ್ಬಿತು. ಇನ್ನೊಂದು ಹಗಲು ಹೀಗೇ ಕಳೆದಿದ್ದರೆ ಸಾಯುತ್ತಿದ್ದಳು. ತಡೆಯಲಾಗದೆ ದವಡೆ ಆಡಿಸಿಯೇಬಿಟ್ಟಳು.

ಪಹರೆಗಿದ್ದ ಕರಿಮೂತಿಯ ಕೋತಿ, ಮುಸುವ, ಮರದಿಂದ ಧುಮುಕಿತು. "ಏನಮ್ಮಾ ಬಾಯಲ್ಲಿ?"

"ಮಾತು ಕಣಪ್ಪ."

"ಇಷ್ಟು ಹೊತ್ತು ಒಂದೇ ಮಾತಾ?"

"ಉದ್ದದ ಮಾತು. ನಿನ್ನ ವಿಷಯವೇ."

ಮುಸುವ ಅವಳ ಕಿವಿ ಹಿಡಿದು ಎಳೆದೊಯ್ದಿತು. ದುಂಡಪ್ಪ ಬಾಯಿ ತೆರೆದು ಅವಳ ಅಳತೆ ನೋಡುತ್ತಿತ್ತು. ಆಗ ನುಗ್ಗಿದೆ ನಾನು.

"ದೊರೆ, ನಿಮ್ಮ ಕಾನೂನು ಚೆನ್ನ, ಆದರೆ ಅರ್ಧ. ನಿಮ್ಮ ಅಭ್ಯಾಸ ಇವಳಿಗೆ ಒಳ್ಳೆಯದಾದರೆ, ಇವಳ ಅಭ್ಯಾಸ ನಿಮಗೆ ಒಳ್ಳೆಯದಲ್ಲವೇ? ಇವಳು ನಾಲ್ಕು ಕಾಲಲ್ಲಿ ನಡೆಯುತ್ತಾಳೆ, ಒಂದು ಸಲವೂ ಜ್ವರ ಬಂದಿಲ್ಲ. ನೀವೋ ಸದಾ ಹೊಟ್ಟೆ ಮೇಲೆ. ನೆಲದ ಶೀತವೆಲ್ಲ ಒಳಗೆ."

ಆರೋಗ್ಯ ಅಂದರೆ ದುಂಡಪ್ಪನಿಗೆ ಹುಚ್ಚು. "ಹೌದಲ್ಲೋ," ಅಂದಿತು. "ಕಟ್ಟು ಕಾಲು."

ನಾಲ್ಕು ಬಿದಿರ ಗಳ, ಒಂದು ಹಗ್ಗ. ನಾನು ಹಾಕಿದ ಗಂಟು ಬಿಚ್ಚುವವರು ಸುತ್ತಲಿನ ಯಾವ ಹಳ್ಳಿಯಲ್ಲೂ ಇಲ್ಲ. ಹೆಬ್ಬಾವು ಉದ್ದನೆಯ ಮಂಚದಂತೆ ಎದ್ದು ನಿಂತಿತು. ಮುಂದೆ ಹೋಗಲಾರದು, ಸುರುಳಿ ಸುತ್ತಲಾರದು. ಹೊಟ್ಟೆ ಗಾಳಿಯಲ್ಲಿ ಜೋತಾಡುತ್ತಿತ್ತು. ಮುಸುವವಂತೂ ಮೇಲೆ ಹತ್ತಿ ಮಲಗಿ ನೋಡಿತು.

"ಬಿಚ್ಚೋ ಮಾರಾಯ, ಇದು ನನ್ನ ಮೈಗೆ ಆಗಿಬರುವುದಿಲ್ಲ."

"ಮೊದಮೊದಲು ಕಷ್ಟ ದೊರೆ," ಎಂದಳು ಮಸಿಯಮ್ಮ. "ಆಮೇಲೆ ಅಭ್ಯಾಸವಾಗುತ್ತೆ."

ಸಂಜೆಯೊಳಗೆ ನಿಷೇಧ ರದ್ದಾಯಿತು. ನಾನು ಗಂಟು ಬಿಚ್ಚಿದೆ. ದಡದ ತುಂಬ ಕರಕರ ಅಗಿಯುವ ಸದ್ದು. ಮಸಿಯಮ್ಮನ ಹೊಟ್ಟೆ ಇಳಿಯಿತು.

ಮಂತ್ರಿ ಪದವಿಯಾದರೂ ಸಿಗುತ್ತದೆಂದು ಎದೆಯುಬ್ಬಿಸಿ ನಿಂತಿದ್ದೆ. ಮಸಿಯಮ್ಮ ಬಂದು, "ಕೈ ಚಾಚು" ಅಂದಳು. ನನಗೆ ಸಿಕ್ಕಿದ್ದು ಅರ್ಧ ಅಗಿದ ಒಂದು ಹುಲ್ಲಿನ ಉಂಡೆ. ತಿನ್ನು ಎಂದು ಯಾರೂ ಬಲವಂತ ಮಾಡಲಿಲ್ಲ.

ನೀತಿ: ನಮ್ಮ ಮೈಗೆ ಒಗ್ಗಿದ್ದನ್ನು ಊರಿಗೆಲ್ಲ ಕಾನೂನು ಮಾಡಬಾರದು, ಅವರವರ ಹೊಟ್ಟೆಯ ಪಾಡು ಅವರವರಿಗೇ ಗೊತ್ತು.