ಮುಂದಿನ ಸಾಲಿನ ಹೆಬ್ಬಾವು

ನಾಲ್ಕು ತಲೆಮಾರಿನಿಂದ ಈ ಊರಿನಲ್ಲಿ ಗೌರವದಿಂದ ಬಾಳಿದ ಮನೆತನ ನಮ್ಮದು. ದರ್ಪಕ್ಕೆ ನಾವು ದಾರಿ ಬಿಟ್ಟವರಲ್ಲ.

ಮೃಗಾಲಯದಲ್ಲಿ ನಾನು ಕರೆತಂದಿದ್ದ ನಮ್ಮ ಶಾಲೆಯ ಮಕ್ಕಳಿಗೆ ಹಾವುಗಳ ಬಗ್ಗೆ ಪಾಠವಿತ್ತು. ನಗರಸಭೆ ಸದಸ್ಯ ಪುಟ್ಟಬಸಪ್ಪನವರು ಕುಟುಂಬದೊಡನೆ ಬಂದು, ಮಕ್ಕಳನ್ನು ಎಬ್ಬಿಸಿ ಮುಂದಿನ ಸಾಲಿನಲ್ಲಿ ಕುಳಿತರು. ಹಿಂದೆ ಹೋದ ಪುಟ್ಟ ಮಕ್ಕಳಿಗೆ ಏನೂ ಕಾಣಲಿಲ್ಲ. ಒಬ್ಬಳು ಅಳತೊಡಗಿದಳು.

ನಮ್ಮ ಆಯಾ ಸೆಲೀನಮ್ಮ ಕೈಮುಗಿದಳು. "ಒಳ್ಳೇದಾಯ್ತು ಸಾರ್. ಹೆಬ್ಬಾವನ್ನ ಮೊದಲು ಮುಂದಿನ ಸಾಲಿನವರ ತೊಡೆ ಮೇಲೇ ಬಿಡೋದು."

ಪಾಠ ಹೇಳುವ ಮೃಗಾಲಯದ ಹುಡುಗಿ ನಗು ತಡೆದುಕೊಂಡು ಹೆಬ್ಬಾವಿನ ಬುಟ್ಟಿಯ ಮುಚ್ಚಳ ತೆರೆದಳು. ಪುಟ್ಟಬಸಪ್ಪನವರು ಚಂಗನೆ ಎದ್ದರು.

"ನನಗೆ ಮೀಟಿಂಗ್ ಇದೆ!"

"ಇದನ್ನೂ ಕರ್ಕೊಂಡೋಗಿ ಸಾರ್, ಸುಮ್ನೆ ಮಲಗಿರುತ್ತೆ," ಎಂದಳು ಸೆಲೀನಮ್ಮ.

ಮಕ್ಕಳು ನಗುತ್ತಾ ಮುಂದಿನ ಸಾಲಿಗೆ ಓಡಿಬಂದರು. ಪುಟ್ಟಬಸಪ್ಪನವರು ಕುಟುಂಬದೊಡನೆ ಹೊರಟ ಬಾಗಿಲಿಗೆ ನಾನು ಅಡ್ಡ ನಿಂತೆ.

"ಮೊದಲು ಈ ಮಕ್ಕಳ ಕ್ಷಮೆ ಕೇಳಿ."