ಉಕ್ಕಿನ ಪಟ್ಟಿಯ ಆಣೆ

ಹೊಳೆದಂಡೆಯ ಆಶ್ರಮಕ್ಕೆ ಹತ್ತರಿ ಮಿಷನ್ ಬಂದ ದಿನದಿಂದ ಷಡಕ್ಷರಿಗೆ ನೆಮ್ಮದಿ ಇರಲಿಲ್ಲ.

ಹಲಗೆಯ ಅಂಚನ್ನು ನೇರಕ್ಕೆ ಕೀಸುವ ಯಂತ್ರ ಅದು. ಎರಡು ಕಬ್ಬಿಣದ ಹಾಸು, ನಡುವೆ ತಿರುಗುವ ಅಲಗು. ಬಡಗಿ ಮೌನೇಶಾಚಾರಿ ತೀರಿಕೊಂಡ ಮೇಲೆ ಅವನ ಮಗಳು ಅಂಗಡಿಗೆ ದೊಡ್ಡ ಯಂತ್ರ ತಂದಳು. ಹಳೆಯದನ್ನು ಅವನ ಹೆಂಡತಿ ಕಾಳಮ್ಮ ಆಶ್ರಮಕ್ಕೆ ಮಾರಿದಳು.

ಷಡಕ್ಷರಿ ಪಾಲಿಟೆಕ್ನಿಕ್ ಓದಿ ಬಂದ ಶಿಷ್ಯ. ಗುರುಗಳು ಯಂತ್ರವನ್ನು ಅವನಿಗೇ ಒಪ್ಪಿಸಿದರು. ಗುರುಗಳನ್ನು ಎಲ್ಲರೂ ಅಜ್ಜಯ್ಯ ಎನ್ನುತ್ತಿದ್ದರು.

“ರಿಪೇರಿ ಮಾಡಪ್ಪ. ಉಗ್ರಾಣಕ್ಕೆ ಬಾಗಿಲು ಆಗಬೇಕು.”

ಷಡಕ್ಷರಿ ಯಂತ್ರದ ಸುತ್ತ ಬಂದ. ಅದರ ಹಸಿರು ಬಣ್ಣವನ್ನು ಉಗುರಿನಿಂದ ಕೆರೆದ.

“ಅಜ್ಜಯ್ಯ, ಇದಕ್ಕೆ ಬಣ್ಣ ಯಾಕೆ ಹೊಡೆದಿದ್ದಾರೆ?”

“ತುಕ್ಕು ಹಿಡಿಬಾರದು ಅಂತ.”

“ಏನೋ ಮುಚ್ಚಿಡೋಕೆ ಅನ್ಸುತ್ತೆ.”

“ಹೊಡೆಯದೇ ಕೊಟ್ಟಿದ್ದರೆ?”

“ಯಂತ್ರನ ಸರಿಯಾಗಿ ನೋಡ್ಕೊಂಡಿಲ್ಲ ಅಂತಿದ್ದೆ.”

ಅಜ್ಜಯ್ಯ ನಕ್ಕರು. “ಕಾಳಮ್ಮ ಯಾವ ಕಡೆಯಿಂದ ಬಂದ್ರೂ ನಿನ್ನ ಬಾಗಿಲು ಹಾಕಿದೆ, ಬಿಡು.”

ಷಡಕ್ಷರಿ ಕಿರಿಗುಟ್ಟುವ ಬೇರಿಂಗ್ ತೆಗೆದು ಹೊಸದು ಹಾಕಿದ. ಹೊಸ ಅಲಗು ಕೂರಿಸಿದ. ಹಳೆಯ ಮೋಟಾರು ಇಳಿಸಿ ಬಲವಾದದ್ದನ್ನು ಏರಿಸಿದ. ಒಂದೊಂದು ಭಾಗ ಬಿಚ್ಚಿದಾಗಲೂ ಅವನ ಗುಮಾನಿ ಗೇಣುದ್ದ ಬೆಳೆಯಿತು.

ಕೊನೆಗೆ, ನೇರ ಇದೆಯೋ ಇಲ್ಲವೋ ಎಂದು ನೋಡುವ ತನ್ನ ಉಕ್ಕಿನ ಪಟ್ಟಿಯನ್ನು ಹೊರತೆಗೆದ. ಕಾಲೇಜಿನಲ್ಲಿ ಬಹುಮಾನವಾಗಿ ಬಂದದ್ದು. ಪ್ರತಿ ಆಯುಧಪೂಜೆಗೂ ಅದನ್ನು ಎಮರಿ ಕಾಗದದಿಂದ ತಿಕ್ಕಿ ತಿಕ್ಕಿ, ಹೂ ಏರಿಸಿ ಕೈಮುಗಿಯುತ್ತಿದ್ದ.

ಪಟ್ಟಿಯನ್ನು ಹಾಸಿನ ಮೇಲೆ ಅಂಚು ಊರಿ ನಿಲ್ಲಿಸಿ ಕಣ್ಣಿಟ್ಟು ನೋಡಿದ. ಎರಡೂ ತುದಿಯಲ್ಲಿ ಬೆಳಕು ಇಣುಕಿತು. ಅಂದರೆ ಹಾಸಿನ ನಡು ಉಬ್ಬಿದೆ.

“ಗೊತ್ತಿತ್ತು ನನಗೆ!” ಎಂದು ತೊಡೆ ತಟ್ಟಿಕೊಂಡ.

ಅಂದು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಟೀ ಕುಡಿಯುತ್ತ, ಕೇಳಿದವರಿಗೂ ಕೇಳದವರಿಗೂ ಹೇಳಿದ: ಕಾಳಮ್ಮ ಡೊಂಕು ಯಂತ್ರ ನಮ್ಮ ತಲೆಗೆ ಕಟ್ಟಿದಳು.

ಮಾತಿಗೆ ಕಾಲು ಬಂತು. ಮದುವೆಗೆ ಮಂಚ ಮಾಡಲು ಹೇಳಿದ್ದವರೊಬ್ಬರು ಕಾಳಮ್ಮನ ಅಂಗಡಿಗೆ ಬಂದು, ಸದ್ಯಕ್ಕೆ ಬೇಡ ಎಂದು ಹೋದರು.

ಷಡಕ್ಷರಿ ಅರ ಹಿಡಿದು ಹಾಸಿನ ಉಬ್ಬು ತಿಕ್ಕಲು ಕೂತ. ಕೈಗೆ ಬೊಬ್ಬೆ ಬರುವವರೆಗೂ ತಿಕ್ಕಿದ. ಕೊನೆಗೊಮ್ಮೆ ಪಟ್ಟಿ ಇಟ್ಟರೆ ತುದಿಯಲ್ಲೂ ಬೆಳಕಿಲ್ಲ, ನಡುವೆಯೂ ಇಲ್ಲ.

ಎರಡು ಹಲಗೆ ಕೀಸಿದ. ಅಂಚಿಗೆ ಅಂಚು ಕೂಡಿಸಿದ. ಅವು ಕೂಡಲಿಲ್ಲ. ಸಂದಿನಲ್ಲಿ ಹೊಳೆ ಕಾಣುತ್ತಿತ್ತು.

ಅವನು ನೇರ ಅಜ್ಜಯ್ಯನ ಬಳಿ ಹೋದ.

“ಇನ್ನೂ ಏನೋ ಮೋಸ ಇದೆ ಅಜ್ಜಯ್ಯ. ಆಯಮ್ಮನ್ನ ಕರೆಸಿ. ಗದ್ದಿಗೆ ಮುಟ್ಟಿ ಆಣೆ ಮಾಡಲಿ.”

“ಆಣೆ ಅಂದ್ರೆ ಹುಡುಗಾಟ ಅಲ್ಲ. ಊರು ಕೂಡುತ್ತೆ.”

“ಕೂಡಲಿ.”

ಆ ಸೀಮೆಯಲ್ಲಿ ಗದ್ದಿಗೆಯ ಮುಂದೆ ಆಣೆಗೆ ನಿಂತವರು ನಿಜವನ್ನೇ ಹೇಳಿದರೂ, ಊರಿನ ಒಂದು ಕಣ್ಣು ಅವರ ಮೇಲೆ ಉಳಿದೇ ಉಳಿಯುತ್ತಿತ್ತು. ಕಾಳಮ್ಮ ಆಣೆಗೆ ನಿಂತರೆ ಅಂಗಡಿ ಮುಚ್ಚಿದ ಹಾಗೆ. ಅದು ಷಡಕ್ಷರಿಗೂ ಗೊತ್ತಿತ್ತು.

“ಆಗಲಿ, ಕರೆಸು,” ಎಂದರು ಅಜ್ಜಯ್ಯ.

ಸೋಮವಾರ ಕಾಳಮ್ಮ ಮಡಿಯುಟ್ಟು ಬಂದಳು. ಹಿಂದೆ ಊರೂ ಬಂತು. ಅವಳು ಷಡಕ್ಷರಿಯ ಮುಂದೆ ನಿಂತಳು.

“ಊಟದ ಮನೆ ಬಾಗಿಲು ನಮ್ಮೆಜಮಾನ್ರು ಈ ಮಿಷನ್ನಲ್ಲೇ ಕೀಸಿದ್ದು. ಗಂಟೆ ಹೊಡೆದ ಕೂಡ್ಲೇ ಎಲ್ಲರಿಗಿಂತ ಮುಂದೆ ಅದರಲ್ಲಿ ನುಗ್ತೀಯಂತಲ್ಲ ಮರಿ, ಆ ಬಾಗಿಲ ಮೇಲೆ ಯಾವತ್ತೂ ಅನುಮಾನ ಬರಲಿಲ್ವ?”

ಜನ ನಕ್ಕರು. ಷಡಕ್ಷರಿ ನಗಲಿಲ್ಲ. ಕಾಳಮ್ಮ ಗದ್ದಿಗೆಯತ್ತ ಕೈ ಚಾಚಿದಳು.

“ತಡಿಯಮ್ಮ,” ಎಂದರು ಅಜ್ಜಯ್ಯ. “ಮೊದ್ಲು ಸಾಕ್ಷಿ ಆಣೆ ಮಾಡಬೇಕು. ಷಡಕ್ಷರಿ, ನಿನ್ನ ಸಾಕ್ಷಿ ಯಾರು?”

“ಈ ಪಟ್ಟಿ, ಅಜ್ಜಯ್ಯ.”

“ಅದರ ಮೇಲೆ ಯಾವತ್ತಾದ್ರೂ ಗುಮಾನಿ ಬಂದಿತ್ತಾ?”

“ಇದರ ಮೇಲಾ? ಇದು ನನ್ನದು!”

ಅಜ್ಜಯ್ಯ ಒಂದು ಅಗಲವಾದ ಹಲಗೆ ತರಿಸಿದರು. ಅದರ ಮೇಲೆ ಎರಡು ಚುಕ್ಕಿ ಇಟ್ಟರು. ಪಟ್ಟಿಯನ್ನು ಚುಕ್ಕಿಗಳಿಗೆ ತಾಗಿಸಿ ಪೆನ್ಸಿಲಿನಿಂದ ಗೆರೆ ಎಳೆದರು. ಆಮೇಲೆ ಪಟ್ಟಿಯನ್ನು ಗೆರೆಯ ಆಚೆ ಬದಿಗೆ ಮಗುಚಿ ಹಾಕಿ, ಅದೇ ಅಂಚನ್ನು ಅದೇ ಚುಕ್ಕಿಗಳಿಗೆ ತಾಗಿಸಿದರು.

“ಈಗ ನೀನು ಎಳಿ. ಪಟ್ಟಿ ನೇರ ಇದ್ರೆ ಎರಡೂ ಗೆರೆ ಒಂದೇ ಆಗ್ಬೇಕು.”

ಷಡಕ್ಷರಿ ಎಳೆದ. ಎರಡು ಗೆರೆ ತುದಿಗಳಲ್ಲಿ ಕೂಡಿದವು. ನಡುವೆ ಒಂದು ಅಕ್ಕಿಕಾಳು ಮಲಗುವಷ್ಟು ಅಗಲಿದ್ದವು.

ಅವನು ಆ ಸಂದನ್ನು ನೋಡಿದ. ಆಯುಧಪೂಜೆಗಳು ನೆನಪಾದವು. ಒತ್ತಿ ಒತ್ತಿ ತಿಕ್ಕಿದ್ದು ತುದಿಗಳನ್ನೇ. ಪಟ್ಟಿಯ ತುದಿಗಳು ಸವೆದು ನಡು ಉಬ್ಬಿತ್ತು. ನೇರವಾಗಿದ್ದ ಹಾಸನ್ನು ಅವನು ಪಟ್ಟಿಯ ಡೊಂಕಿಗೆ ಸರಿಯಾಗಿ ತಿಕ್ಕಿ ಗುಳಿ ಮಾಡಿದ್ದ.

ಅವನು ಕಾಳಮ್ಮನ ಕಾಲಿಗೆ ಬಿದ್ದ.

“ಏಳು ಏಳು,” ಎಂದಳು ಅವಳು. ಹಾಸಿನ ಮೇಲೆ ಅಂಗೈ ಸವರಿದಳು. “ನಡು ತಿಂದಿದ್ದೀಯ. ಇನ್ನು ಎರಡೂ ತುದಿ ಇಳಿಸು, ಸರಿಹೋಗುತ್ತೆ. ಹೋಟೆಲಲ್ಲಿ ಆಡಿದ ಮಾತಿಗೆ ಯಾವ ಅರ ಹಾಕ್ತೀಯ?”

ಆಣೆ ಮಾಡದೆ ಹೊರಟುಹೋದಳು.

ಷಡಕ್ಷರಿ ಅದೇ ಹೋಟೆಲಿಗೆ ಹೋದ. ನಿಂತುಕೊಂಡೇ ಹೇಳಿದ: ಡೊಂಕಿದ್ದದ್ದು ನನ್ನ ಪಟ್ಟಿ, ಕಾಳಮ್ಮನ ಯಂತ್ರ ಅಲ್ಲ.

ಕೆಲವರು ತಲೆಯಾಡಿಸಿದರು. ಮೂಲೆಯಲ್ಲಿದ್ದ ಒಬ್ಬ ಬೀಡಿ ಹಚ್ಚುತ್ತ ಕೇಳಿದ, “ಬಾಯಿ ಮುಚ್ಚಿಸೋಕೆ ಆಯಮ್ಮ ಏನು ಕೊಟ್ಳು?”

ಷಡಕ್ಷರಿ ಮರುದಿನವೂ ಹೋದ. ಅದರ ಮರುದಿನವೂ ಹೋದ. ಮಂಚ ಬೇಡವೆಂದವರ ಮನೆ ಹುಡುಕಿಕೊಂಡು ಹೋಗಿ, ಅವರು ಕಾಳಮ್ಮನ ಅಂಗಡಿಯ ಮೆಟ್ಟಿಲು ಮತ್ತೆ ಹತ್ತುವವರೆಗೂ ಬಿಡಲಿಲ್ಲ.

ಮೊದಲು ಪಟ್ಟಿಯನ್ನೇ ಮಗುಚಿ ಮಗುಚಿ ನೋಡಿ ನೇರಮಾಡಿಕೊಂಡ; ಆಮೇಲೆ ಹಾಸು ಸಮವಾಯಿತು. ಉಗ್ರಾಣದ ಬಾಗಿಲು ಕೂಡಿತು. ಅಂದು ಸಂಜೆ ಷಡಕ್ಷರಿ ಅಜ್ಜಯ್ಯನ ಮುಂದೆ ಕೂತ.

“ಅಜ್ಜಯ್ಯ, ಇನ್ನು ನನ್ನ ಕಣ್ಣನ್ನ ನಾನು ನಂಬಲ್ಲ. ಊರನ್ನ ನಂಬಲ್ಲ. ನೀವು ಹೇಳಿದ್ದೊಂದೇ ನನಗೆ ನೇರ.”

ಅಜ್ಜಯ್ಯ ಅವನನ್ನು ದಿಟ್ಟಿಸಿ ನೋಡಿದರು.

“ನನ್ನನ್ನೂ ಒಂದ್ಸಲ ಮಗುಚಿ ಹಾಕಿ ನೋಡು.”