ನಾನೂರು ಪ್ರೊಸೆಸರ್, ಏಳು ದಿನ

"ಗುರುಗಳೇ, ಸಮಸ್ತ ವಿದ್ಯೆಯನ್ನೂ ಕೊಡಿ ಎಂದು ಕೇಳಿಕೊಂಡು ನಾನು ಇಲ್ಲಿಗೆ ಬಂದು ಮೂರು ವರ್ಷವಾಯಿತು. ನನ್ನ ನಂತರ ಬಂದವರೆಲ್ಲ ಏನೋ ಒಂದನ್ನು ಕಲಿತು ಹೋಗುತ್ತಿದ್ದಾರೆ. ನನ್ನ ಸರದಿ ಮಾತ್ರ ಬರುತ್ತಿಲ್ಲ. ಏಕೆ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಒಂದು ವಿಶ್ವವಿದ್ಯಾಲಯದಲ್ಲಿ ಸಾವಿರ ಪ್ರೊಸೆಸರ್‌ಗಳ ದೊಡ್ಡ ಕಂಪ್ಯೂಟರ್ ಇತ್ತು. ಕೆಲಸ ಕೊಡುವವರು ಎಷ್ಟು ಪ್ರೊಸೆಸರ್ ಬೇಕು, ಎಷ್ಟು ಹೊತ್ತು ಬೇಕು ಎಂದು ಮೊದಲೇ ಬರೆದು ಸರದಿಯಲ್ಲಿ ನಿಲ್ಲಬೇಕು. ಅಷ್ಟೂ ಒಟ್ಟಿಗೆ ಬಿಡುವಾದಾಗ ಕೆಲಸ ಶುರುವಾಗುತ್ತದೆ.

ಅಲ್ಲಿ ಒಬ್ಬ ಸಂಶೋಧಕಿ ಇದ್ದಳು. ಪ್ರಬಂಧ ಸಲ್ಲಿಸಲು ಒಂಬತ್ತು ದಿನ ಉಳಿದಿತ್ತು. ತಪ್ಪಿದರೆ ಐದು ವರ್ಷದ ನೋಂದಣಿ ರದ್ದು. ಕೊನೆಯ ಅಧ್ಯಾಯಕ್ಕೆ ಬೇಕಾದ ಒಂದು ಲೆಕ್ಕಾಚಾರ ಹನ್ನೆರಡು ದಿನದಿಂದ ಸರದಿಯಲ್ಲೇ ನಿಂತಿತ್ತು. ಅವಳು ಕಂಪ್ಯೂಟರಿನ ನೆರವು ವಿಭಾಗಕ್ಕೆ ಹೋದಳು. ಅಲ್ಲಿ ಒಬ್ಬ ನೌಕರ ಚಹಾ ಕುಡಿಯುತ್ತಿದ್ದ.

"ಸರ್, ನಿಮ್ಮ ಯಂತ್ರಕ್ಕೆ ನನ್ನ ಮೇಲೆ ಏನು ಸಿಟ್ಟು? ನಿನ್ನೆ ಬಂದವರ ಕೆಲಸವೂ ಮುಗಿದಿದೆ. ಬೇಕಿದ್ದರೆ ಕುಲಪತಿಗಳಿಂದಲೇ ಪತ್ರ ತರುತ್ತೇನೆ."

"ಅದು ಪತ್ರ ಓದುವುದಿಲ್ಲ ಮೇಡಂ. ನೀವು ಬರೆದುಕೊಟ್ಟ ಫೈಲನ್ನು ಮಾತ್ರ ಓದುತ್ತದೆ," ಎಂದು ಅವನು ಅದನ್ನು ತೆರೆದ. "ನಾನೂರು ಪ್ರೊಸೆಸರ್, ಏಳು ದಿನ. ಇಷ್ಟು ಏಕೆ?"

"ನಮ್ಮ ಪ್ರಯೋಗಾಲಯದಲ್ಲಿ ಎಲ್ಲರೂ ಅದನ್ನೇ ಹಾಕುತ್ತಾರೆ. ಹಿರಿಯರು ಬರೆದಿಟ್ಟ ಫೈಲು. ನಾನು ಹೆಸರಷ್ಟೇ ಬದಲಿಸಿದ್ದೇನೆ."

ಆ ಹಿರಿಯರು ಹನ್ನೊಂದು ವರ್ಷದ ಹಿಂದೆ ಇಡೀ ಅರಬ್ಬಿ ಸಮುದ್ರದ ಗಾಳಿಯನ್ನು ಲೆಕ್ಕ ಹಾಕಿದವರು. ಇವಳದು ಒಂದು ಕೆರೆಯ ಮೇಲಿನ ಗಾಳಿ. ಕೆಲಸ ಮುಗಿದ ಸುದ್ದಿ ಹೋಗಬೇಕಾದ ಇಮೇಲ್ ವಿಳಾಸವೂ ಫೈಲಿನಲ್ಲಿ ಅವರದೇ ಇತ್ತು. ಅವರು ಈಗ ಬೇರೆ ಊರಿನಲ್ಲಿ ಪ್ರಾಂಶುಪಾಲರು. ಪ್ರಯೋಗಾಲಯದ ಪ್ರತಿಯೊಬ್ಬರ ಪ್ರಗತಿಯೂ ಅವರಿಗೆ ತಪ್ಪದೆ ತಲುಪುತ್ತಿತ್ತು.

ನೌಕರ ಅವಳ ಲೆಕ್ಕಾಚಾರದ ಒಂದು ಚಿಕ್ಕ ತುಂಡನ್ನು ತನ್ನ ಮೇಜಿನ ಕಂಪ್ಯೂಟರಿನಲ್ಲಿ ಓಡಿಸಿ ನೋಡಿದ. ಇಡೀ ಕೆಲಸಕ್ಕೆ ಎಂಟು ಪ್ರೊಸೆಸರ್, ಐದು ತಾಸು ಸಾಕು ಎಂದು ತಿಳಿಯಿತು. ಫೈಲಿನಲ್ಲಿ ಅಷ್ಟನ್ನೇ ಬರೆದ. ವಿಳಾಸವನ್ನೂ ತಿದ್ದಿದ. ಎರಡು ದೊಡ್ಡ ಕೆಲಸಗಳ ನಡುವೆ ಒಂದು ಸಣ್ಣ ಬಿಡುವು ಯಾರಿಗೂ ಬೇಡವಾಗಿ ಬಿದ್ದಿತ್ತು. ಅವಳ ಕೆಲಸ ಅದರಲ್ಲಿ ಹಿಡಿಯಿತು. ಅವನು ಎರಡನೆಯ ಚಹಾ ತರಿಸುವಷ್ಟರಲ್ಲಿ ಶುರುವಾಯಿತು, ಸಂಜೆಗೆ ಮುಗಿಯಿತು.

ಪ್ರಬಂಧವನ್ನು ಅವಳು ಎರಡು ದಿನ ಮೊದಲೇ ಸಲ್ಲಿಸಿದಳು. ಪ್ರಾಂಶುಪಾಲರಿಗೆ ಮಾತ್ರ ಅವಳ ಸುದ್ದಿ ತಲುಪಲಿಲ್ಲ. ಪ್ರಯೋಗಾಲಯದ ಉಳಿದವರು ಈಗಲೂ ಹಿರಿಯರ ಫೈಲನ್ನೇ ಬಳಸುತ್ತಾರೆ, ಸರದಿಯಲ್ಲಿ ನಿಂತು ಯಂತ್ರವನ್ನು ಬೈಯುತ್ತಾರೆ.

"ಅರ್ಥವಾಯಿತು ಗುರುಗಳೇ," ಎಂದ ಶಿಷ್ಯ.

"ಊಟದ ಗಂಟೆ ಹೊಡೆಯಲು ಇನ್ನೂ ಹದಿನೈದು ನಿಮಿಷವಿದೆ. ಅಷ್ಟರಲ್ಲಿ ಮುಗಿಯುವಂಥದ್ದು ಏನಾದರೂ ಕೇಳು," ಎಂದರು ಗುರುಗಳು.

ಗಂಟೆ ಹೊಡೆದಾಗಲೂ ಶಿಷ್ಯ ಸಮಸ್ತ ವಿದ್ಯೆಯಲ್ಲಿ ಯಾವುದನ್ನು ಕೇಳುವುದೆಂದು ಆರಿಸುತ್ತಲೇ ಇದ್ದ.